ಪಂಗಾನಿಯಲ್ಲಿ ‘ಕಂಡೆ’ ಎನ್ನುತ್ತಿದ್ದವರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಮನುಷ್ಯ ಮೂವತ್ತು ವರ್ಷ ಒಂದು ಚುಕ್ಕೆ ಬೀಳದಂತೆ ಕಾಪಾಡಿಕೊಂಡು ಬಂದಿದ್ದ ಕಸುಬನ್ನು ನಾನು ಒಂದೇ ಪದದಲ್ಲಿ ಮುಗಿಸಿದೆ. ಆ ಪದ ನನ್ನದಲ್ಲ, ದನಿಯೂ ನನ್ನದಲ್ಲ, ಎರಡೂ ಅವರವೇ. ನನ್ನದು ಅಂತ ಅಲ್ಲಿ ಇದ್ದದ್ದು ಬಾಯಿ ಮಾತ್ರ. ಅದು ಯಾವತ್ತೂ ನನ್ನ ಮಾತು ಕೇಳಿದ್ದಿಲ್ಲ.

ಅವರು ತೀರಿಕೊಂಡು ತಿಂಗಳಾಯಿತು. ತಿಂಗಳ ಪೂಜೆ ಮುಗಿದು ಇಗರ್ಜಿಯ ಹಿಂದಿನ ಸಭಾಂಗಣದಲ್ಲಿ ಊಟಕ್ಕೆ ಕೂತಾಗ, ಮಂಗಳೂರಿನ ಕಡೆಯ ಹೆಂಗಸೊಬ್ಬರು ನನ್ನ ತಟ್ಟೆಗೆ ಇಡ್ಲಿಯಂಥ ಇನ್ನೊಂದು ಸನ್ನ ಹಾಕುತ್ತ, “ನೀನು ಬಾಪ್ಪುವಿನ ಹಾಗೆಯೇ ಮಾತಾಡ್ತಿ ಅಂತಲ್ಲ? ಒಮ್ಮೆ ಮಾತಾಡು ಮಾರಾಯ, ಆ ಸ್ವರ ಕೇಳ್ಬೇಕು ಅಂತ ಆಗ್ತದೆ” ಎಂದರು. ಸುತ್ತ ಕೂತವರೆಲ್ಲ ತಲೆಯೆತ್ತಿದರು. ಗಂಟಲು ನೋವು ಎಂದು ತಪ್ಪಿಸಿಕೊಂಡೆ. ಅದನ್ನೂ ಗಂಟಲು ಕಟ್ಟಿದವನ ದನಿಯಲ್ಲೇ ಹೇಳಿದೆ. ಹುಟ್ಟುಗುಣ.

ಬಾಪ್ಪು ಅಂದರೆ ಕೊಂಕಣಿಯಲ್ಲಿ ಚಿಕ್ಕಪ್ಪ. ಅವರ ಸ್ವಂತ ಅಣ್ಣನ ಮಕ್ಕಳು ಯಾರೂ ನೈರೋಬಿಯಲ್ಲಿರಲಿಲ್ಲ. ಹಾಗಾಗಿ ಎಲ್ಲರೂ ಅವರ ಅಣ್ಣನ ಮಕ್ಕಳೇ. ನಾನು ಮೈಸೂರಿನವನು, ಇಲ್ಲಿನ ಒಂದು ಔಷಧ ಕಾರ್ಖಾನೆಯಲ್ಲಿ ಮಾತ್ರೆಗಳ ಗುಣ ಪರೀಕ್ಷೆ ಮಾಡುವವನು. ಅಂದರೆ ಲಕ್ಷ ಮಾತ್ರೆಯಲ್ಲಿ ಹತ್ತನ್ನು ಮುರಿದು ನೋಡಿ, ಮಿಕ್ಕವೆಲ್ಲ ಒಳ್ಳೆಯವು ಎಂದು ರುಜು ಹಾಕುವವನು. ಉಳಿದ ಹೊತ್ತಿನಲ್ಲಿ ಅಣಕಿಗ. ನಮ್ಮ ಮ್ಯಾನೇಜರು ಕೆಮ್ಮಿ ಬೈಯುವುದು, ಮಟಾಟು ಎಂಬ ಇಲ್ಲಿನ ಮಿನಿಬಸ್ಸಿನ ಕಂಡಕ್ಟರು ಬಾಗಿಲಿಗೆ ಜೋತುಬಿದ್ದು ಊರುಗಳ ಹೆಸರು ಕೂಗುವುದು, ಮನೆ ಒಡತಿಯ ನಾಯಿ ಆಕಳಿಸುವುದು, ಎಲ್ಲವೂ ನನ್ನ ಬಾಯಲ್ಲಿವೆ. ಫೋನಿನಲ್ಲಿ ನನ್ನ ಅಮ್ಮ ಮೊದಲು ಕೇಳುವ ಪ್ರಶ್ನೆಯೇ, “ಈಗ ಮಾತಾಡ್ತಿರೋದು ನೀನೇನಾ?”

ನೈರೋಬಿಯ ಪಂಗಾನಿ ಬಡಾವಣೆಯಲ್ಲಿ ನಾನು ಬಾಡಿಗೆಗಿದ್ದ ಮಹಡಿಯ ಕೆಳಗೇ ಅವರ ಕಾರ್ಖಾನೆ. ಕಾರ್ಖಾನೆ ಎಂದರೆ ಹಿತ್ತಲಲ್ಲೊಂದು ತಗಡಿನ ಶೆಡ್ಡು, ಅದಕ್ಕಂಟಿಕೊಂಡು ಕಬ್ಬಿಣದ ಬಾಗಿಲಿನ ಒಂದು ಒಳಕೋಣೆ, ಗೋಡೆಯ ಮೇಲೆ ಗಾಜು ಹಾಕಿಸಿದ ಪರವಾನಗಿ. ಅದರಲ್ಲಿ ಅವರ ಹೆಸರು, ಅವರದೊಂದೇ ಹೆಸರು. ಈ ದೇಶದಲ್ಲಿ ಬೇಟೆ ನಿಂತು ಎಷ್ಟೋ ಕಾಲವಾಗಿದೆ. ಆದರೆ ಕಾಡಿನಲ್ಲಿ ಪ್ರವಾಸಿಗರನ್ನು ಕಾಲ್ನಡಿಗೆಯಲ್ಲಿ ಕರೆದೊಯ್ಯುವ ರೇಂಜರುಗಳ ಹೆಗಲ ಮೇಲೆ ಇವತ್ತಿಗೂ ದೊಡ್ಡ ಬಾಯಿಯ ಹಳೆಯ ರೈಫಲ್ಲುಗಳಿವೆ. ಕಾಡೆಮ್ಮೆ ಪೊದೆಯಿಂದ ನುಗ್ಗಿ ಬಂದರೆ ಕೊನೆಯ ಉಪಾಯವಾಗಿ. ಅಂಥ ಅಜ್ಜ ಕೋವಿಗಳಿಗೆ ತೋಟಾ ಈಗ ಅಂಗಡಿಯಲ್ಲಿ ಸಿಕ್ಕುವುದಿಲ್ಲ. ಬಾಪ್ಪು ಸೀಸ ಕರಗಿಸಿ, ಗುಂಡು ಎರಕ ಹೊಯ್ದು, ತೋಟಾ ತುಂಬಿ ಕೊಡುತ್ತಿದ್ದರು.

ಕುಳ್ಳ ಮನುಷ್ಯ. ಮೊಣಕೈವರೆಗೆ ಚರ್ಮದ ಕೈಗವಸು, ಕೊರಳಲ್ಲಿ ಕನ್ನಡಕದ ದಾರ. ಆನೆ ಕೆಡವುವ ಗುಂಡು ಮಾಡುತ್ತಿದ್ದ ಈ ವೀರ ಮನೆ ಒಡತಿಯ ಬೊಗಸೆಯಷ್ಟು ನಾಯಿಯನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದರು. “ಆನೆಯಾದ್ರೆ ಬರುವ ಮುಂಚೆ ಕಿವಿ ಬಿಚ್ಚಿ ಹೇಳ್ತದೆ. ಈ ಬೇವರ್ಸಿ ಎಂಥ ಹೇಳ್ತದೆ?” ಎನ್ನುತ್ತಿದ್ದರು. ಎಡಗಿವಿ ಪೂರ್ತಿ ಹೋಗಿತ್ತು, ವರ್ಷಗಟ್ಟಲೆ ಕೋವಿ ಪರೀಕ್ಷೆ ಮಾಡಿದ ಫಲ. ಬಲಗಿವಿ ಅರ್ಧ. ಬೇಡದ ಮಾತು ಬಂದಾಗ ಎಡಗಿವಿಯನ್ನು ತಿರುಗಿಸಿ ಕೂರುವುದನ್ನು ನಾನು ಅಣಕಿಸಿ ತೋರಿಸಿದಾಗ ಅವರೇ ಬಿದ್ದುಬಿದ್ದು ನಕ್ಕಿದ್ದರು.

ಶೆಡ್ಡಿನ ಬಾಗಿಲಲ್ಲಿ ಒಂದು ಟವೆಲು ತೂಗುತ್ತಿತ್ತು. ಒಳಗೆ ಕಾಲಿಡುವ ಮುಂಚೆ ಯಾರೇ ಆಗಲಿ ಮುಖ, ಕತ್ತು ಒರೆಸಿಕೊಳ್ಳಬೇಕು. ಕರಗಿದ ಸೀಸಕ್ಕೆ ಒಂದು ಹನಿ ಬೆವರು ಬಿದ್ದರೂ ಸಾಕು, ಪಾತ್ರೆಯಲ್ಲಿದ್ದದ್ದೆಲ್ಲ ಮುಖಕ್ಕೆ ಹಾರುತ್ತದೆ. ಒಮ್ಮೆ ನಾನು ಚಹಾದ ಲೋಟ ಹಿಡಿದು ಹೊಸ್ತಿಲಲ್ಲಿ ನಿಂತೆ. ಅವರು ಬೈಯಲಿಲ್ಲ. ಬಂದು ನನ್ನ ಕೈಯಿಂದ ಲೋಟ ತೆಗೆದುಕೊಂಡು, ಹಿತ್ತಲ ಆಚೆ ತುದಿಗೆ ನಡೆದು, ನಿಧಾನ ಕುಡಿದು ಮುಗಿಸಿ, ಖಾಲಿ ಲೋಟ ವಾಪಸು ಕೊಟ್ಟು, “ಸಕ್ಕರೆ ಕಮ್ಮಿ” ಎಂದರು.

ಸೀಸ ಬರುತ್ತಿದ್ದದ್ದು ಟಯರ್ ಅಂಗಡಿಗಳಿಂದ, ಗಾಲಿಗೆ ಹಚ್ಚುವ ಹಳೆಯ ತೂಕದ ತುಂಡುಗಳು. ಕಸ ಮೇಲೆ ತರಲು ಅದಕ್ಕೆ ಚೂರು ಮೇಣ ಹಾಕಬೇಕು. ಆ ಮೇಣ ಇಗರ್ಜಿಯಲ್ಲಿ ಉರಿದು ಉಳಿದ ಮೇಣದಬತ್ತಿಯ ಮೋಟುಗಳು. “ಒಂದೊಂದರಲ್ಲೂ ಯಾರದೋ ಪ್ರಾರ್ಥನೆ ಅರ್ಧ ಬಾಕಿ ಉಂಟು” ಎನ್ನುತ್ತ ಪಾತ್ರೆಗೆ ಹಾಕುವರು, ಭಗ್ಗನೆ ಉರಿ ಏಳುವುದು, ಅವರ ಮುಖ ಕೆಂಪಗೆ ಕಂಡು ಮಾಯವಾಗುವುದು. ಅಚ್ಚಿನಿಂದ ಮೊದಲು ಬೀಳುವ ಗುಂಡುಗಳಿಗೆ ಸುಕ್ಕಿರುತ್ತದೆ. ಅವನ್ನು ಮತ್ತೆ ಪಾತ್ರೆಗೇ ಎಸೆಯುವರು. ಆಮೇಲೆ ಬಂದವು ಹೆಬ್ಬೆರಳಷ್ಟು ದಪ್ಪ, ಬೆಳ್ಳಿಯಂತೆ ಬೆಳ್ಳಗೆ. ಪ್ರತಿಯೊಂದರ ಬುಡಕ್ಕೆ ತಾಮ್ರದ ಪುಟ್ಟ ಬಟ್ಟಲೊಂದನ್ನು ಒತ್ತಿ ಕೂರಿಸುವರು. ಅದಕ್ಕೆ ಗ್ಯಾಸ್ ಚೆಕ್ ಎನ್ನುತ್ತಾರೆ. ಅದಿಲ್ಲದಿದ್ದರೆ ಹಿಂದಿನಿಂದ ಉರಿದು ಬರುವ ಅನಿಲ ಸೀಸದ ಬುಡ ಕರಗಿಸಿ ನಳಿಗೆಯ ಒಳಮೈಗೆ ಬಳಿದುಬಿಡುತ್ತದೆ, ಗುಂಡು ದಾರಿ ತಪ್ಪುತ್ತದೆ. ನನಗೆ ಅವರು ವಿವರಿಸಿದ್ದು ಇಷ್ಟೇ: “ಚಡ್ಡಿ ಇಲ್ಲದೆ ಬೆಂಕಿ ಮುಂದೆ ಓಡಿದ್ರೆ ಎಂಥ ಆಗ್ತದೆ? ಅದಕ್ಕೇ ಚಡ್ಡಿ.” ಹಾಕಿದ ಚಡ್ಡಿ ಭದ್ರವಾಗಿದೆಯೇ ಎಂದು ಒಂದೊಂದರ ಅಂಚನ್ನೂ ಹೆಬ್ಬೆರಳಿನ ಉಗುರಿನಿಂದ ಸುತ್ತ ಕೆರೆದು ನೋಡುವರು. ಆ ಉಗುರು ಸವೆದು ಗರಗಸದ ಹಾಗಿತ್ತು.

“ಎಲ್ಲಾನೂ ನೋಡ್ಬೇಕಾ ಬಾಪ್ಪು? ನಮ್ಮಲ್ಲಿ ಸ್ಯಾಂಪಲ್ ತಗೀತೀವಿ” ಎಂದೆ ಒಮ್ಮೆ.

“ಕಾಡೆಮ್ಮೆ ಸ್ಯಾಂಪಲ್ ನೋಡಿ ಓಡಿ ಬರ್ತದಾ?”

ಇನ್ನು ಒಳಕೋಣೆ. ಹಿತ್ತಾಳೆಯ ಕೋಶಕ್ಕೆ ಮದ್ದು ತುಂಬಿ ಗುಂಡು ಕೂರಿಸುವುದು ಅಲ್ಲಿ. ಅಲ್ಲಿ ಅವರ ಜೊತೆ ಮ್ವಾಂಗಿ. ಅವರಿಗಿಂತ ಎರಡು ಪಟ್ಟು ಎತ್ತರದ, ಅರ್ಧದಷ್ಟು ಮಾತಿನ, ನಲವತ್ತು ದಾಟಿದ ಮನುಷ್ಯ. ಅವರನ್ನು ‘ಮ್ಜೆ’ ಎನ್ನುತ್ತಿದ್ದ, ಅಂದರೆ ಹಿರಿಯ. ಮ್ವಾಂಗಿ ಗೋಡೆಗೆ ಮುಖ ಮಾಡಿ ಒತ್ತುಯಂತ್ರದ ಮುಂದೆ ಕೂರುತ್ತಿದ್ದ. ಕೋಶಕ್ಕೆ ಅಳತೆಯ ಕೊಳವೆಯಿಂದ ಮದ್ದು ಇಳಿಸಿ, ಬೆನ್ನ ಹಿಂದಿನ, ಗುಳಿ ಕೊರೆದ ಮರದ ಅಚ್ಚಿನಲ್ಲಿ ಇಡುವನು. ಬಾಪ್ಪು ಸಣ್ಣ ಟಾರ್ಚು ಬಿಟ್ಟು ಕೋಶದೊಳಗೆ ಇಣುಕುವರು. ಮದ್ದು ಸರಿಯಾಗಿ ಬಿದ್ದಿದ್ದರೆ “ಕಂಡೆ” ಎನ್ನುವರು. ಆ ಪದ ಕಿವಿಗೆ ಬಿದ್ದಮೇಲೆಯೇ ಮ್ವಾಂಗಿ ತಿರುಗದೆ ಹಿಂದಕ್ಕೆ ಕೈ ಚಾಚಿ ಅದನ್ನು ತೆಗೆದುಕೊಂಡು ಗುಂಡು ಒತ್ತುವನು. ಒತ್ತಿದ ಮೇಲೆ ಒಳಗೇನಿದೆ ಎಂದು ಕಣ್ಣಿಗೆ ಕಾಣದು. ರೇಡಿಯೊ ಇಲ್ಲ, ಫೋನಿಲ್ಲ, ಬೇರೆ ಮಾತಿಲ್ಲ. ಇನ್ನೊಂದು ನಿಯಮ: ಒಂದರ ಮೇಲೆ ಅನುಮಾನ ಬಂದರೆ ಅವತ್ತಿನ ಸರಕು ಪೂರ್ತಿ ಬಿಚ್ಚಿ ಸುರಿಯಬೇಕು.

‘ಕಂಡೆ’ಯೇ ಯಾಕೆ ಎಂದು ಕೇಳಿದ್ದೆ.

“ಓಕೆ ಅಂತ ಎಲ್ಲರೂ ಹೇಳ್ತಾರೆ. ಸ್ವಾಹಿಲಿಯಲ್ಲಿ ಸವಾ, ಸರಿ ಅಂತ ಬೀದಿಯಿಂದಲೂ ಕೇಳ್ತದೆ. ಕೊಂಕಣಿಯಲ್ಲಿ ಹೇಳಿದ್ರೆ ಹಿಂದಿನ ಮನೆಯವ್ರು ಉತ್ತರ ಕೊಡ್ತಾರೆ. ಈ ಪಂಗಾನಿಯಲ್ಲಿ ಕನ್ನಡದಲ್ಲಿ ‘ಕಂಡೆ’ ಅನ್ನುವವ ನಾನೊಬ್ಬನೇ. ಬೇರೆ ಯಾರ ಬಾಯಿಂದಲೂ ಅದು ಬರ್ಲಿಕ್ಕಿಲ್ಲ. ಬೀಗ ಇದ್ದ ಹಾಗೆ.”

ಅದನ್ನು ಹೇಳಿದ್ದು ಯಾರಿಗೆ ನೋಡಿ. ಮೇಲಿನ ಮಹಡಿಯ ಕನ್ನಡದವನಿಗೆ. ಅಣಕಿಗನಿಗೆ.

ಆ ಕಸುಬು ನಿಂತ ವರ್ಷ ಅವರು ಸಣ್ಣಪುಟ್ಟದ್ದನ್ನು ಮರೆಯತೊಡಗಿದ್ದರು. ಕೊರಳಲ್ಲೇ ಇರುವ ಕನ್ನಡಕ ಹುಡುಕುವರು, ಬೀಗ ಹಾಕಿದ ಬಾಗಿಲಿಗೆ ಮತ್ತೆ ಬಂದು ಕೈಯಿಟ್ಟು ನೋಡುವರು. ಯಾರೂ ನೋಡಲಿಲ್ಲವಷ್ಟೆ ಎಂದು ಸುತ್ತ ಕಣ್ಣು ಹಾಯಿಸುವರು. ನಾನು ನೋಡುತ್ತಿದ್ದೆ. ನೋಡಿ, ಕಲಿತು, ಗೆಳೆಯರ ಮುಂದೆ ಆಡಿ ತೋರಿಸುತ್ತಿದ್ದೆ.

ಒಂದು ಶನಿವಾರ ಮಧ್ಯಾಹ್ನ. ಮಳೆ ಹಿಡಿದಿತ್ತು. ಒಳಕೋಣೆಯ ಮೂಲೆಯ ಸ್ಟೂಲಿನಲ್ಲಿ ಬಾಯಿ ಮುಚ್ಚಿ ಕೂರುವುದಾದರೆ ಕೂರು ಎಂಬ ಕರಾರಿನ ಮೇಲೆ ನನಗೆ ಜಾಗ ಸಿಕ್ಕಿತ್ತು. ಇಪ್ಪತ್ತು ತೋಟಾಗಳ ಕೆಲಸ. ಹತ್ತೊಂಬತ್ತು ಮುಗಿದವು. ಇಪ್ಪತ್ತನೆಯದನ್ನು ಮ್ವಾಂಗಿ ಅಚ್ಚಿನಲ್ಲಿಟ್ಟ. ಬಾಪ್ಪುವಿನ ಟಾರ್ಚು ಮಂಕಾಗಿತ್ತು. ಬ್ಯಾಟರಿ ತೆಗೆಯಲು ಅವರು ಮೇಜಿನ ಕೆಳಗಿನ ಖಾನೆಗೆ ಬಗ್ಗಿದರು. ಕಿವುಡು ಕಿವಿ ನನ್ನ ಕಡೆಗಿತ್ತು.

“ಕಂಡೆ” ಎಂದೆ ನಾನು.

ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಮೈ ಜುಂ ಎಂದಿತು. ಆ ಒಣ ಗಂಟಲು, ಆ ಅಡಕೆ ಒಡೆದಂಥ ‘ಡೆ’. ಮ್ವಾಂಗಿಯ ಕೈ ಹಿಂದಕ್ಕೆ ಬಂತು, ಕೋಶ ತೆಗೆದುಕೊಂಡಿತು. ಯಂತ್ರದ ಹಿಡಿ ಕೆಳಗಿಳಿದ ಸದ್ದಾಯಿತು.

ಬಾಪ್ಪು ಎದ್ದರು. ಖಾಲಿ ಅಚ್ಚು ನೋಡಿದರು. ಕೈಯಲ್ಲಿದ್ದ ಟಾರ್ಚು ನೋಡಿದರು. ಮ್ವಾಂಗಿಯ ಬೆನ್ನು ನೋಡಿದರು. ಈಗ ಹಿಡಿಯುತ್ತಾರೆ, ಕಿವಿ ಹಿಂಡುತ್ತಾರೆ, ಎಲ್ಲರೂ ನಗುತ್ತೇವೆ ಎಂದು ನಾನು ಕಾದೆ. ಬೀಗದ ಬಾಗಿಲ ಮುಂದೆ ನಿಂತಾಗ ಬರುವ ಅದೇ ಮುಖ. ಸುತ್ತ ಕಣ್ಣು ಹಾಯಿಸಿದರು. ನಾನು ಕಿಟಕಿಯ ಆಚೆ ಮಳೆ ನೋಡುತ್ತಿದ್ದೆ.

ಸಂಜೆ ರೇಂಜರ್ ನಾಸೆರಿಯನ್ ಬಂದು ಪೆಟ್ಟಿಗೆಗೆ ರುಜು ಹಾಕಿ ಒಯ್ದಳು. ನಗರದ ದಕ್ಷಿಣದ ಅಂಚಿನಲ್ಲಿರುವ ಒಂದು ಖಾಸಗಿ ಕಾಡಿನವಳು ಅವಳು. ಮಸಾಯಿ ಹೆಂಗಸು, ಬಾಪ್ಪುವೇ ಕೋವಿಯ ಪಾಠ ಹೇಳಿಕೊಟ್ಟಿದ್ದ ಶಿಷ್ಯೆ. ನಾನು ಅವತ್ತು ಲ್ಯಾವಿಂಗ್ಟನ್ನಿನಲ್ಲಿ ಕನ್ನಡದವರೊಬ್ಬರ ಮಗುವಿನ ಹುಟ್ಟುಹಬ್ಬಕ್ಕೆ ಹೋದೆ. ಅಲ್ಲಿ ‘ಕಂಡೆ’ ಪ್ರಸಂಗ ಪೂರ್ತಿ ಆಡಿ ತೋರಿಸಿದೆ. ಒನ್ಸ್ ಮೋರ್ ಅಂದರು. ಮತ್ತೆ ಮಾಡಿದೆ.

ಭಾನುವಾರ ಪೂಜೆಯಿಂದ ಬಂದು ಬಾಪ್ಪು ನನ್ನನ್ನು ಊಟಕ್ಕೆ ಕರೆದರು. ಹಂದಿ ಬಫಾತು, ಸನ್ನ. ಮ್ವಾಂಗಿಯೂ ಇದ್ದ. ಬಡಿಸಿ ಕೂತವರು ಬಹಳ ಹೊತ್ತು ತಟ್ಟೆ ಮುಟ್ಟಲಿಲ್ಲ. ಆಮೇಲೆ ನನ್ನ ಕಡೆ ಬಾಗಿ, ಮ್ವಾಂಗಿಗೆ ತಿಳಿಯದ ಕನ್ನಡದಲ್ಲಿ ಮೆಲ್ಲಗೆ ಕೇಳಿದರು:

“ನಿನ್ನೆ ನೀನು ಅಲ್ಲೇ ಕೂತಿದ್ದಿಯಲ್ಲ. ಕೊನೇದಕ್ಕೆ ನಾನು ‘ಕಂಡೆ’ ಹೇಳಿದೆನಾ?”

ನಿಜ ಹೇಳಲು ಅದಕ್ಕಿಂತ ಸಲೀಸಾದ ಬಾಗಿಲು ಯಾರೂ ತೆರೆದುಕೊಡಲಾರರು. ನಾನು ಹೇಳಿದ್ದು: “ಹೇಳಿದ್ರಲ್ಲಾ ಬಾಪ್ಪು. ನಾನೇ ಕೇಳಿಸ್ಕೊಂಡೆ.”

ಅವರ ಹೆಗಲು ಕೆಳಗಿಳಿಯಿತು. ಅನ್ನುವಷ್ಟರಲ್ಲಿ ಅರ್ಧ ಸನ್ನ ಬಾಯಿಗೆ ಹೋಗಿತ್ತು. “ಸದ್ಯ! ಪೂಜೆಯಲ್ಲಿ ಇಡೀ ಹೊತ್ತು ಅದೇ ತಲೆಯಲ್ಲಿ ಮಾರಾಯ. ಮಳೆಗೆ ಮದ್ದು ಕೊಳವೆಯಲ್ಲೇ ಅಂಟಿ ನಿಲ್ತದೆ, ಅದ್ರಲ್ಲೂ ಕೊನೇದಕ್ಕೆ. ಖಾಲಿ ಕೋಶಕ್ಕೆ ಗುಂಡು ಕೂತ್ರೆ ಎಂಥ ಆಗ್ತದೆ ಗೊತ್ತುಂಟಾ? ಬುಡದ ಕಿಡಿ ಮಾತ್ರ ಹೊಡೀತದೆ. ಟಪ್ ಅಂತ ಸಣ್ಣ ಸದ್ದು. ಗುಂಡು ಹೊರಗೆ ಬರುದಿಲ್ಲ, ನಳಿಗೆ ಮಧ್ಯೆ ನಿಲ್ತದೆ. ಹೊಡೆದವ ಇದು ಠುಸ್ಸು ಅಂತ ಇನ್ನೊಂದು ತೋಟಾ ಹಾಕಿ ಕುದುರೆ ಒತ್ತಿದ್ರೆ…” ಕೈಯಲ್ಲಿದ್ದ ಸನ್ನವನ್ನು ಎರಡೂ ಕೈಯಿಂದ ಹರಿದು ಬಿಚ್ಚಿ ತೋರಿಸಿದರು. “ನಳಿಗೆ ಹೀಗೆ. ಮುಖದ ಪಕ್ಕದಲ್ಲೇ. ತಿನ್ನು, ಯಾಕೆ ನಿಲ್ಲಿಸಿದ್ದಿ?”

ನಾನು ಎದ್ದು ಕೈ ತೊಳೆಯಲು ಹೋದೆ. ನಲ್ಲಿ ಬಿಟ್ಟೆ, ನಿಲ್ಲಿಸಿದೆ, ಮತ್ತೆ ಬಿಟ್ಟೆ. ವಾಪಸು ಬಂದು ನಿಂತುಕೊಂಡೇ ಹೇಳಿದೆ. “ಬಾಪ್ಪು, ನೀವು ಹೇಳ್ಲಿಲ್ಲ. ನಾನು ಹೇಳಿದ್ದು.”

ಅವರು ಬಲಗಿವಿ ಕೊಟ್ಟು, “ಎಂಥ?” ಎಂದರು.

ಮತ್ತೆ ಹೇಳಬೇಕಾಯಿತು. ಅರ್ಥವಾಗದೆ ಹುಬ್ಬುಗಂಟಿಕ್ಕಿದರು. ಬೇರೆ ದಾರಿ ಕಾಣದೆ ಆ ದನಿ ಮಾಡಿ ತೋರಿಸಿದೆ. “ಕಂಡೆ.”

ಪಕ್ಕದಲ್ಲಿ ಊಟ ಮಾಡುತ್ತಿದ್ದ ಮ್ವಾಂಗಿಯ ಬಲಗೈ ತಾನಾಗಿ ಹಿಂದಕ್ಕೆ ಚಾಚಿತು. ಗಾಳಿಯಲ್ಲಿ ಹಾಗೇ ನಿಂತಿತು. ಅವನು ತನ್ನ ಕೈ ನೋಡಿಕೊಂಡ. ಆಮೇಲೆ ನನ್ನನ್ನು.

ಬಾಪ್ಪು ಫೋನು ತೆಗೆದು ನಾಸೆರಿಯನ್‌ಗೆ ಹಚ್ಚಿ ಬಲಗಿವಿಗೆ ಒತ್ತಿ ಹಿಡಿದರು. ನನಗೂ ಕೇಳಿಸಿತು: “ಮ್ತೇಜಾ…” ನೀವು ಕರೆದವರು ಸಿಗುತ್ತಿಲ್ಲ ಎಂದು ಸ್ವಾಹಿಲಿಯಲ್ಲಿ ಹೇಳುವ ಆ ಹೆಂಗಸಿನ ನುಣುಪು ದನಿ. ಅದು ನನ್ನ ಹಳೆಯ ಐಟಂ. ಎಷ್ಟು ಪಾರ್ಟಿಗಳಲ್ಲಿ ಅದರಿಂದ ಚಪ್ಪಾಳೆ ಗಿಟ್ಟಿಸಿದ್ದೇನೆ. ಮತ್ತೆ ಹಚ್ಚಿದರು. ಮ್ತೇಜಾ. ಮತ್ತೆ. ಕಾಡಿನಲ್ಲಿ ಸಿಗ್ನಲ್ಲಿಲ್ಲ.

“ನಾಲ್ಕು ಗಂಟೆಗೆ ನಡಿಗೆ,” ಎಂದ ಮ್ವಾಂಗಿ ಇಂಗ್ಲಿಷಿನಲ್ಲಿ. “ಹೊಸ ಪೆಟ್ಟಿಗೆ ಬಂದರೆ ಹೊರಡುವ ಮುಂಚೆ ಒಂದನ್ನು ಮಣ್ಣಿನ ದಿಬ್ಬಕ್ಕೆ ಹೊಡೆದು ನೋಡುತ್ತಾಳೆ. ಮೇಲಿನಿಂದ ತೆಗೆಯುತ್ತಾಳೆ.” ಪೆಟ್ಟಿಗೆಯಲ್ಲಿ ಮೇಲಿರುವುದು ಕೊನೆಗೆ ಇಟ್ಟದ್ದು. ಆಗ ಗಂಟೆ ಎರಡೂ ಮುಕ್ಕಾಲು.

ಮ್ವಾಂಗಿಯ ಹಳೆಯ ಪಿಕಪ್ಪಿನಲ್ಲಿ ಮೂವರೂ ಹೊರಟೆವು. ನಾನು ನಡುವೆ. ಭಾನುವಾರ ರಸ್ತೆ ಖಾಲಿ ಇರಬೇಕಿತ್ತು. ಮಳೆ ನೀರು ನಿಂತು ಮಟಾಟುಗಳೆಲ್ಲ ಒಂದೇ ಕಡೆ ಗಂಟುಬಿದ್ದಿದ್ದವು. ಕಂಡಕ್ಟರೊಬ್ಬ ಬಾಗಿಲಿಗೆ ಜೋತು ಹಾಡು ಹೇಳುತ್ತಿದ್ದ. ಮ್ವಾಂಗಿ ಹಾರ್ನ್ ಮೇಲಿನಿಂದ ಕೈ ತೆಗೆಯಲಿಲ್ಲ. ಬಾಪ್ಪು ತೊಡೆಯ ಮೇಲೆ ನಳಿಗೆ ಉಜ್ಜುವ ಉದ್ದನೆಯ ಕಬ್ಬಿಣದ ಕಡ್ಡಿ ಇಟ್ಟುಕೊಂಡು, ಅದರ ತುದಿಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆಯುತ್ತಿದ್ದರು. ಕರ್, ಕರ್, ಕರ್. ನಡುನಡುವೆ ನಾಸೆರಿಯನ್‌ಗೆ ಮತ್ತೆ ಫೋನು ಹಚ್ಚುವರು, ಮತ್ತೆ ಮ್ತೇಜಾ, ಮತ್ತೆ ಕರ್, ಕರ್. ಬೈದುಬಿಡಲಿ ಎಂದು ಹಾತೊರೆದೆ.

ಕಾಡಿನ ಗೇಟಿಗೆ ಬಂದಾಗ ನಾಲ್ಕೂಕಾಲು. ಕಾವಲುಗಾರ ನಗುತ್ತ ಬಂದ. ಪ್ರವಾಸಿಗರು ಹೊರಟು ಹತ್ತು ನಿಮಿಷವಾಯಿತು ಎಂದ. ರೇಂಜರ್? ಹೌದು, ರೇಂಜರ್ ಜೊತೆಗೇ. ಯಾವ ರೇಂಜರ್? ಅವನಿಗೆ ಗೊತ್ತಿಲ್ಲ, ಅವನು ಈಗಷ್ಟೇ ಪಾಳಿಗೆ ಬಂದವನು. ಗುಂಡಿನ ಸದ್ದು ಕೇಳಿದೆಯಾ? ಹಪಾನಾ, ಇಲ್ಲ.

ಬಾಪ್ಪು ಎಂಜಿನ್ ನಿಲ್ಲಿಸಲು ಸನ್ನೆ ಮಾಡಿ, ಇಳಿದು, ಬಲಗಿವಿಯನ್ನು ಕಾಡಿನ ಕಡೆ ತಿರುಗಿಸಿ ನಿಂತರು. ಅವರ ಜೀವಮಾನದಲ್ಲಿ ಏನನ್ನೂ ಕೇಳಿಸಿಕೊಳ್ಳಬಾರದು ಎಂದು ಅಷ್ಟು ಗಮನವಿಟ್ಟು ಆಲಿಸಿದ್ದು ಅದೊಂದೇ ಸಲ ಇರಬೇಕು. ಹುಲ್ಲು ಅಲುಗುತ್ತಿತ್ತು. ಎಲ್ಲೋ ಒಂದು ಹಕ್ಕಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿತ್ತು. ಮೊದಲ ಬಾರಿಗೆ ನನಗೆ ಅದನ್ನು ಅಣಕಿಸಬೇಕು ಎನ್ನಿಸಲಿಲ್ಲ.

ಮಣ್ಣಿನ ದಿಬ್ಬ ಗೇಟಿನಿಂದ ಅರ್ಧ ಮೈಲಿ. ತಿರುವಿನಲ್ಲಿ ಮೊದಲು ಕಂಡದ್ದು ಅಕೇಶಿಯಾ ಮರ, ಆಮೇಲೆ ಅದರ ಕೆಳಗೆ ಒಂದು ಜೊತೆ ಬೂಟು, ಚಾಚಿದ ಕಾಲು. ಮ್ವಾಂಗಿಯ ಬಾಯಿಂದ ಅವನ ಕಿಕುಯು ಭಾಷೆಯ ಏನೋ ಮಾತು ಬಂತು. ಬೂಟು ಅಲುಗಿತು. ನಾಸೆರಿಯನ್ ಎದ್ದು ನಿಂತಳು. ರೈಫಲ್ಲು ಬಾಯಿ ತೆರೆದು ಪಕ್ಕದ ಕಲ್ಲಿಗೆ ಒರಗಿತ್ತು.

“ಫೋನ್ ಸಿಗುವ ಗುಡ್ಡಕ್ಕೆ ಎರಡು ಸಲ ಹತ್ತಿ ಇಳಿದೆ ಮ್ಜೆ,” ಎಂದಳು ಸಿಟ್ಟಿನಿಂದ. “ನಿಮ್ಮ ಫೋನು ಯಾವಾಗಲೂ ಬಿಝಿ. ನಡಿಗೆಗೆ ಇನ್ನೊಬ್ಬನನ್ನು ಕಳಿಸಿದೆ. ಮ್ಯಾನೇಜರ್ ಕೂಗಾಡುತ್ತಿದ್ದಾನೆ, ಇನ್ನೊಂದು ತೋಟಾ ಹಾಕಿ ಹೊಡೆದು ಹೊರಡು ಅಂತ.”

“ಎಂಥ ಸದ್ದು ಬಂತು?” ಬಾಪ್ಪು ಗಾಬರಿಯಲ್ಲಿ ಕನ್ನಡದಲ್ಲೇ ಕೇಳಿದರು. ಭಾಷೆ ಬರದಿದ್ದರೂ ಅವಳಿಗೆ ಅರ್ಥವಾಯಿತು.

“ಸಣ್ಣದು. ಸಣ್ಣ ಸದ್ದು ಬಂದರೆ ದೊಡ್ಡವರನ್ನು ಕರಿ, ಎರಡನೇದು ಹೊಡೀಬೇಡ ಅಂತ ನೀವೇ ಹೇಳಿದ್ದಲ್ಲವಾ?”

ಬಾಪ್ಪು ಕಡ್ಡಿಯನ್ನು ನಳಿಗೆಯ ಬಾಯಿಗೆ ಇಟ್ಟು ಮೆಲ್ಲಗೆ ಇಳಿಸಿದರು. ಒಂದು ಗೇಣು ಇಳಿಯಿತು, ಎರಡು ಗೇಣು ಇಳಿಯಿತು. ಟಕ್ ಎಂದು ನಿಂತಿತು.

ಅವರು ಹೆಬ್ಬೆರಳನ್ನು ಕಡ್ಡಿಯ ಮೇಲೆ ಅದು ನಿಂತ ಗುರುತಿಗೆ ಒತ್ತಿ ಹಿಡಿದು, ಹೊರಗೆಳೆದು, ನಳಿಗೆಯ ಹೊರಮೈಗೆ ಸರಿಯಾಗಿ ಹಿಡಿದರು. ಗುಂಡು ಎಲ್ಲಿ ಕೂತಿದೆ ಎಂದು ತೋರಿಸಲು. ಹೊಡೆಯುವಾಗ ನಾಸೆರಿಯನ್‌ಳ ಎಡಗೈ ಹಿಡಿಯುವ ಜಾಗದಿಂದ ಒಂದು ಬೆರಳು ಮುಂದೆ. ಅವಳು ಆ ಕೈಯನ್ನು ಮೆಲ್ಲಗೆ ಜೇಬಿನೊಳಗಿಟ್ಟಳು.

ಸೋಮವಾರ ನಾನು ಕೆಲಸಕ್ಕೆ ರಜೆ ಹೇಳಿ ಕೆಳಗಿಳಿದೆ. ಸೀಸದ ಪಾತ್ರೆ ತಣ್ಣಗಿತ್ತು. ಬಾಪ್ಪು ಗೋಡೆಯಿಂದ ಪರವಾನಗಿ ಇಳಿಸಿ, ಗಾಜು ಒರೆಸಿ, ಪತ್ರಿಕೆಯಲ್ಲಿ ಸುತ್ತಿಟ್ಟಿದ್ದರು. ಅವತ್ತೇ ಅದನ್ನು ಇಲಾಖೆಗೆ ಒಪ್ಪಿಸಿ ಬರುವವರಿದ್ದರು. ಮ್ವಾಂಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಬೇಡ ಎಂದು ಬೆಳಗಿನಿಂದ ವಾದಿಸಿ ಸೋತಿದ್ದ. ಮೇಜಿನ ಮೇಲೆ ಕೆಂಪು ಬಟ್ಟೆ ಬೈಂಡಿನ ಪುಸ್ತಕ ತೆರೆದಿತ್ತು. ಪ್ರತಿ ಸರಕಿಗೆ ಒಂದು ಸಾಲು: ದಿನ, ಯಾರು ಯಾರು ಮಾಡಿದರು, ಏನಾದರೂ ತಪ್ಪಾಗಿದ್ದರೆ ಯಾರಿಂದ. ಆ ಕೊನೆಯ ಅಂಕಣ ಮೂವತ್ತು ವರ್ಷಗಳ ಪುಟಗಳಲ್ಲಿ ಖಾಲಿಯಿತ್ತು. ಶನಿವಾರದ ಸಾಲಿನಲ್ಲಿ ಅವರು ತಮ್ಮ ಹೆಸರನ್ನು ದುಂಡಗೆ ಬರೆಯುತ್ತಿದ್ದರು.

“ಅದು ನಿಮ್ಮ ತಪ್ಪಲ್ಲ ಬಾಪ್ಪು,” ಎಂದೆ. ಬಹಳ ದಿನದ ಮೇಲೆ ಅದು ನನ್ನದೇ ದನಿಯಾಗಿತ್ತು, ಕೀಚಲು ಕೀಚಲಾಗಿ.

“ನನಗೆ ಅನುಮಾನ ಬಂದಿತ್ತು. ಬಂದದ್ದನ್ನು ನುಂಗಿದೆ, ಮುದುಕನಿಗೆ ಮರೆವು ಅಂತ ಮ್ವಾಂಗಿ ತಿಳ್ಕೊಳ್ತಾನೆ ಅಂತ. ಇಪ್ಪತ್ತನ್ನೂ ಬಿಚ್ಚಿ ಸುರೀಬೇಕಿತ್ತು.” ತಲೆಯೆತ್ತದೆ ಅಕ್ಷರಕ್ಕೆ ಅಕ್ಷರ ಕೂಡಿಸಿದರು.

“ಹಾಗಾದ್ರೆ ನನ್ನ ಹೆಸರೂ ಬರೀರಿ. ಇಲಾಖೆಯವರು ನನ್ನನ್ನೂ ಕೇಳ್ಲಿ. ಬೇಕಾದ್ರೆ ನಾನೇ ಬಂದು ಹೇಳ್ತೀನಿ. ನಿಮ್ಮ ಹೆಸರಿನ ಪಕ್ಕ ನಂದೂ ಇರ್ಲಿ ಬಾಪ್ಪು, ದಮ್ಮಯ್ಯ.”

ಅವರು ಪೆನ್ನಿನ ಮುಚ್ಚಳ ಹಾಕಿದರು. ಪುಸ್ತಕ ಮುಚ್ಚಿದರು. ಕನ್ನಡಕ ತೆಗೆದು ಅವತ್ತು ಮೊದಲ ಸಲ ನನ್ನನ್ನು ನೇರ ನೋಡಿದರು.

“ಇದ್ರಲ್ಲಿ ಬರೆಯುವುದು ಕೆಲಸ ಮಾಡಿದವರ ಹೆಸರು. ನೀನು ಅಲ್ಲಿ ಎಂಥ ಕೆಲಸ ಮಾಡಿದ್ದಿ ಮಾರಾಯ?”